ಎದುರುಗಾಳಿಯಲ್ಲಿ ಗುಬ್ಬಿ, ಕೆರೆ ಏರಿಯಲ್ಲಿ ಕುಣಿಗಲ್

ಆಷಾಢದ ಭಾನುವಾರ ಬೆಳಿಗ್ಗೆ ತುಮಕೂರಿನ ಗುಬ್ಬಿ ಗೇಟಿನಿಂದ ಪಶ್ಚಿಮಕ್ಕೆ ಸೈಕಲ್ ತುಳಿದವರಿಗೆ ಗಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಹೆಗ್ಗೆರೆ ದಾಟಿ ಬಯಲು ತೆರೆದುಕೊಳ್ಳುತ್ತಿದ್ದಂತೆ ಮುಂಗಾರಿನ ಗಾಳಿ ನೇರವಾಗಿ ಎದೆಗೆ ಬಂದು ನಿಲ್ಲುತ್ತದೆ. ರಸ್ತೆ ಸಮತಟ್ಟಾಗಿಯೇ ಇರುತ್ತದೆ, ಕಾಲಿಗೆ ಮಾತ್ರ ದಿಣ್ಣೆ ಹತ್ತಿದಷ್ಟು ಆಯಾಸ. ಗುಬ್ಬಿ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ಯುಗಾದಿಯ ಹೊತ್ತಿಗೆ ಒಂದು ಗಂಟೆಯಲ್ಲಿ ಮುಗಿಯುವ ಈ ದಾರಿ ಆಷಾಢದಲ್ಲಿ ಒಂದೂವರೆ ಗಂಟೆ ಕೇಳುತ್ತದೆ. ವಾಪಸು ಬರುವಾಗ ಅದೇ ಗಾಳಿ ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ. ಮಲ್ಲಸಂದ್ರ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ತಿಳಿಯುವುದಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಸೈಕಲ್ ತುಳಿಯುವವನನ್ನು ತಡೆಯುವ ಗಾಳಿಯ ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ತಗಲುವುದು ಆ 20 ಕಿಲೋಮೀಟರಿನ ಗಾಳಿ ಮಾತ್ರ. ಎದುರಿನಿಂದ 15 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ಮೈಗೆ ಬಡಿಯುವುದು 35 ಕಿಲೋಮೀಟರಿನ ಗಾಳಿ. ಆಗ ತಡೆ ಒಂದೂಮುಕ್ಕಾಲು ಪಟ್ಟಲ್ಲ, ಮೂರು ಪಟ್ಟು ಆಗುತ್ತದೆ. ಆದ್ದರಿಂದ ಎದುರುಗಾಳಿಯಲ್ಲಿ ಹಟಕ್ಕೆ ಬಿದ್ದು ವೇಗ ಉಳಿಸಿಕೊಳ್ಳಲು ಹೋದವರು ಗುಬ್ಬಿಯ ತನಕವೂ ತಲುಪುವುದಿಲ್ಲ. ವೇಗ ಇಳಿಸಿ, ಗೇರು ಹಗುರ ಮಾಡಿ, ತಲೆ ತಗ್ಗಿಸಿ ಹೋದವರು ಆರಾಮವಾಗಿ ಊರು ಸೇರುತ್ತಾರೆ. ಹಿಂಗಾರಿನ ತಿಂಗಳುಗಳಲ್ಲಿ ಗಾಳಿ ತಿರುಗಿ ಪೂರ್ವದಿಂದ ಬೀಸುತ್ತದೆ. ಆಗ ಗುಬ್ಬಿಗೆ ಹೋಗುವುದು ಸುಲಭ, ತುಮಕೂರಿಗೆ ಮರಳುವುದು ಕಷ್ಟ. ಅಂಥ ದಿನಗಳಲ್ಲಿ ಹೋಗುವಾಗಿನ ಹುರುಪು ನಂಬಿಕೊಂಡು ನಿಟ್ಟೂರು, ಕಿಬ್ಬನಹಳ್ಳಿ ಎಂದು ಮುಂದುವರಿದರೆ ಬಿಸಿಲೇರಿದ ಮೇಲೆ ದಣಿದ ಕಾಲಿನಲ್ಲಿ ಎದುರುಗಾಳಿ ಸೀಳಿಕೊಂಡು ಬರಬೇಕಾಗುತ್ತದೆ. ಮೊದಲರ್ಧ ಕಷ್ಟ, ಕೊನೆಯರ್ಧ ಸುಖ ಎಂಬಂತೆ ದಾರಿ ಆರಿಸಿಕೊಳ್ಳುವುದು ನಮ್ಮ ಗುಂಪಿನಲ್ಲಿ ಎಲ್ಲರೂ ಒಪ್ಪಿದ ಕ್ರಮ.

ಗುಂಪಿನಲ್ಲಿ ಹೋಗುವುದರ ಮೊದಲ ಲಾಭವೂ ಈ ಗಾಳಿಯಲ್ಲೇ ಇದೆ. ಮುಂದಿನವನ ಬೆನ್ನ ಹಿಂದೆ ಒಂದು ಸೈಕಲಿನಷ್ಟು ಅಂತರದಲ್ಲಿ ಸಾಗುವವನಿಗೆ ಗಾಳಿಯ ತಡೆ ಕಾಲು ಭಾಗದಷ್ಟಾದರೂ ಕಡಿಮೆಯಾಗುತ್ತದೆ. ಮುಂದಿನವನು ಗಾಳಿ ಒಡೆಯುತ್ತಾನೆ, ಹಿಂದಿನವರು ಉಸಿರು ಉಳಿಸಿಕೊಳ್ಳುತ್ತಾರೆ. ಐದು ನಿಮಿಷ ತುಳಿದ ಮೇಲೆ ಮುಂದಿದ್ದವನು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗುತ್ತಾನೆ. ಫ್ರಾನ್ಸಿನ ದೊಡ್ಡ ಪಂದ್ಯಗಳಲ್ಲಿ ವೃತ್ತಿಪರರು ಮಾಡುವುದೂ ಇದನ್ನೇ. ಆದರೆ ಅವರು ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹೋಗುತ್ತಾರೆ, ನಾವು ಹಾಗೆ ಮಾಡಬಾರದು. ನಮ್ಮ ರಸ್ತೆಯಲ್ಲಿ ಯಾವ ಕ್ಷಣದಲ್ಲಾದರೂ ಹಳ್ಳ ಎದುರಾಗುತ್ತದೆ, ಹಸು ಅಡ್ಡ ಬರುತ್ತದೆ, ತೆಂಗಿನ ಗರಿ ಬಿದ್ದಿರುತ್ತದೆ. ಆದ್ದರಿಂದ ಮುಂದಿನವನು ಕೈಯಿಂದ ಸನ್ನೆ ಮಾಡಬೇಕು, ಬಾಯಲ್ಲೂ ಹೇಳಬೇಕು. ‘ಎಡಕ್ಕೆ ಗುಂಡಿ’, ‘ಹಿಂದೆ ಲಾರಿ’, ‘ನಿಧಾನ’ ಎಂಬ ಕೂಗು ಸಾಲಿನ ಕೊನೆಯವರೆಗೂ ಒಬ್ಬರಿಂದ ಒಬ್ಬರಿಗೆ ದಾಟಬೇಕು. ಕಿವಿಗೆ ಹಾಡು ಹಾಕಿಕೊಂಡು ಬರುವವರಿಗೆ ಈ ಸಾಲಿನಲ್ಲಿ ಜಾಗ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು. ಗುಂಪಿನ ವೇಗ ಎಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನ ಇರುವವರ ವೇಗ. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ಸೈಕಲ್ ಹತ್ತಿದವರು ಇರುತ್ತಾರೆ. ಮೊನ್ನೆಯಷ್ಟೇ ಗೇರಿನ ಸೈಕಲ್ ಕೊಂಡ ಕಾಲೇಜು ಹುಡುಗ ಇರುತ್ತಾನೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ವಾರವಿಡೀ ಕುರ್ಚಿಯಲ್ಲಿ ಕೂತು ಹಿಡಿದ ಬೆನ್ನನ್ನು ಬಿಡಿಸಿಕೊಳ್ಳಲು ಬಂದಿರುತ್ತಾಳೆ. ಅವರಲ್ಲಿ ಒಬ್ಬರನ್ನು ಹಿಂದೆ ಬಿಟ್ಟು ಉಳಿದವರು ಗುಬ್ಬಿಯಲ್ಲಿ ಕಾಫಿ ಕುಡಿಯುತ್ತ ಕಾದರೆ ಅವರು ಮುಂದಿನ ವಾರ ಬರುವುದಿಲ್ಲ. ಪಂಕ್ಚರ್ ಕಿಟ್ಟು, ಒಂದು ಹೆಚ್ಚುವರಿ ಟ್ಯೂಬು, ಪಂಪು ಇರುವ ಒಬ್ಬ ಅನುಭವಿ ಯಾವಾಗಲೂ ಸಾಲಿನ ಕೊನೆಯಲ್ಲೇ ಇರಬೇಕು. ವಾರಾಂತ್ಯದ ಸವಾರಿ ವ್ಯಾಯಾಮವೂ ಹೌದು, ಆದರೆ ಅದನ್ನು ವರ್ಷಗಟ್ಟಲೆ ಉಳಿಸುವುದು ಈ ಕಾಯುವಿಕೆ.

ದೂರ ಹೋಗಬೇಕೆನ್ನುವವರಿಗೆ ಬೇರೆ ದಾರಿಯೂ ಇದೆ. ಫ್ರಾನ್ಸಿನಲ್ಲಿ ಹುಟ್ಟಿ ಬೆಂಗಳೂರಿನಲ್ಲೂ ಬೇರೂರಿರುವ ‘ಬ್ರೆವೆ’ ಎಂಬ ದೂರದ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಗಡುವು. ಅಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ಗಡುವಿನೊಳಗೆ ಸ್ವಂತ ಬಲದಲ್ಲಿ ಮುಗಿಸಿದರೆ ಸಾಕು. ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ಮುಟ್ಟಿ ಮನೆಗೆ ಮರಳಿದರೆ ನೂರು ಕಿಲೋಮೀಟರಿನ ಆಸುಪಾಸು ಆಗುತ್ತದೆ. ಆರೋಗ್ಯವಂತರು ಎರಡು ಮೂರು ತಿಂಗಳು ಕ್ರಮವಾಗಿ ತುಳಿದರೆ ಈ ತ್ರಿಕೋನ ಅವರ ಕಾಲಿಗೆ ನಿಲುಕುತ್ತದೆ.

ಈ ತ್ರಿಕೋನವನ್ನು ಹೆದ್ದಾರಿಗಳ ನಕ್ಷೆಯಿಂದ ಅರಿಯಲು ಹೋಗಬೇಡಿ. ಬೆಂಗಳೂರು–ಹೊನ್ನಾವರದ ಬಿ.ಎಚ್. ರಸ್ತೆ, ಕುಣಿಗಲ್ ಮೇಲೆ ಹಾಸನ, ಮಂಗಳೂರಿಗೆ ಹೋಗುವ ಹೆದ್ದಾರಿ, ಪುಣೆಯ ಕಡೆಗೆ ಹೋಗುವ ಹೆದ್ದಾರಿ ಇವೆಲ್ಲ ಬೇರೆ ಊರು ಸೇರುವ ಆತುರದವರಿಗಾಗಿ ಹಾಕಿದ ಗೆರೆಗಳು. ಸೈಕಲ್ಲಿಗೆ ಒಪ್ಪುವ ನಕ್ಷೆಯನ್ನು ಬರೆದಿರುವುದು ನೀರು. ತುಮಕೂರಿನ ಪೂರ್ವಕ್ಕೆ ದೇವರಾಯನದುರ್ಗದ ಬೆಟ್ಟಸಾಲಿದೆ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟದ ಶಿಂಷಾ ದಕ್ಷಿಣಕ್ಕೆ ತಿರುಗಿ ಕಾವೇರಿ ಸೇರುತ್ತದೆ. ಒಂದೇ ಬೆಟ್ಟದ ಮಳೆ ಎರಡಾಗಿ ಒಡೆದು ಆಂಧ್ರದ ಕಡೆಗೊಂದು, ತಮಿಳುನಾಡಿನ ಕಡೆಗೊಂದು ಹೋಗುತ್ತದೆ. ಕಾಡಿನ ದಾರಿಯಲ್ಲಿ ಏರುತ್ತ ಉಸಿರು ತೆಗೆದುಕೊಳ್ಳಲು ನಿಂತಾಗ ಈ ನೀರಿನ ಹಂಚಿಕೆಯನ್ನು ನೆನೆದರೆ ನಿಂತ ನೆಲದ ಬಗ್ಗೆ ಗೌರವ ಹುಟ್ಟುತ್ತದೆ.

ಶಿಂಷಾ ಗುಬ್ಬಿ ಸೀಮೆಗೆ ಬಂದು ಕಡಬದಲ್ಲಿ ದೊಡ್ಡ ಕೆರೆಯಾಗಿ ನಿಲ್ಲುತ್ತದೆ. ಲಂಕೆಯಿಂದ ಮರಳುವಾಗ ಸೀತೆಯ ಕೋರಿಕೆಯಂತೆ ರಾಮ ಈ ಕೆರೆ ಕಟ್ಟಿಸಿದ ಎಂಬ ಐತಿಹ್ಯವಿದೆ. ಅತ್ತ ದೇವರಾಯನದುರ್ಗದ ಬುಡದ ನಾಮದ ಚಿಲುಮೆಯಲ್ಲಿಯೂ, ನಾಮ ಇಟ್ಟುಕೊಳ್ಳಲು ನೀರು ಬೇಕಾದಾಗ ರಾಮ ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಎನ್ನುತ್ತಾರೆ. ನೀರು ಸಿಕ್ಕ ಜಾಗಕ್ಕೆಲ್ಲ ದೇವರ ಹೆಸರು ಇಟ್ಟಿರುವುದು ಬಯಲುಸೀಮೆಯ ಜನ ನೀರಿಗೆ ಕೊಟ್ಟ ಬೆಲೆಯನ್ನು ಹೇಳುತ್ತದೆ. ಕಡಬ ಬರೀ ಐತಿಹ್ಯದ ಊರಲ್ಲ. ರಾಷ್ಟ್ರಕೂಟರ ಮೂರನೇ ಗೋವಿಂದನ ಹೆಸರಿನ ತಾಮ್ರಶಾಸನ ಇಲ್ಲಿ ಸಿಕ್ಕಿದೆ. ಒಂಬತ್ತನೇ ಶತಮಾನದ ಆರಂಭದ ಆ ದಾನಪತ್ರ ಜೈನ ಮುನಿಯೊಬ್ಬರಿಗೆ ಸಂಬಂಧಿಸಿದ್ದು. ಬಸ್ಸಿನಲ್ಲಿ ಹೋಗುವವರಿಗೆ ಕಡಬ ಎರಡು ನಿಮಿಷದ ನಿಲುಗಡೆ. ಏರಿಯ ಮೇಲೆ ಸೈಕಲ್ ನಿಲ್ಲಿಸಿ ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಅಚ್ಚುಕಟ್ಟು ಎಲ್ಲಿಯವರೆಗೆ ಎಂದು ಅಲ್ಲಿನ ಹಿರಿಯರನ್ನು ಕೇಳಿ. ಒಂದು ಊರು ಬದುಕುವ ರೀತಿ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಕಡಬದಿಂದ ಸಿ.ಎಸ್. ಪುರದ ಕಡೆಯ ಒಳರಸ್ತೆಗಳಲ್ಲಿ ದಕ್ಷಿಣಕ್ಕೆ ಇಳಿದರೆ ತೆಂಗು, ಅಡಿಕೆ, ನಡುನಡುವೆ ರಾಗಿ ಹೊಲ. ಶಿಂಷಾ ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗುತ್ತದೆ. ಮೈಸೂರು ಅರಸರ ಕಾಲದ ಈ ಅಣೆಕಟ್ಟಿನಲ್ಲಿ ನೀರು ಒಂದು ಮಟ್ಟ ಮುಟ್ಟಿದೊಡನೆ ಯಾರೂ ಬಾಗಿಲು ಎತ್ತದೆ ತಾನಾಗಿ ಹೊರಹರಿಯುವ ಸೈಫನ್ ವ್ಯವಸ್ಥೆಯಿದೆ. ಕೊಳವೆಯೊಳಗೆ ನೀರು ಏರಿ ಬಾಗು ದಾಟಿದ ಕೂಡಲೇ ಒಳಗಿನ ಗಾಳಿ ಹೊರದೂಡಲ್ಪಟ್ಟು, ಕೊಳವೆ ನೀರನ್ನು ಎಡೆಬಿಡದೆ ಎಳೆದುಕೊಳ್ಳಲು ತೊಡಗುತ್ತದೆ. ಮಟ್ಟ ಇಳಿದು ಗಾಳಿ ನುಗ್ಗಿದಾಗ ತಾನೇ ನಿಲ್ಲುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬೋರು ಹೊಡೆಸಿದ ಸೈಫನ್ ಇಲ್ಲಿ ಒಂದು ನದಿಯನ್ನೇ ನಿಭಾಯಿಸುತ್ತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ ಇದು. ಸೈಕಲ್ಲಿನ ಹೆಸರಲ್ಲಾದರೂ ಹೋಗಿ.

ಹೇಮಾವತಿ ನದಿಯ ನೀರು ಬಂದ ಮೇಲೆ ಈ ಹಳೆಯ ನಕ್ಷೆಯ ಮೇಲೆ ಇನ್ನೊಂದು ಗೆರೆ ಬಿದ್ದಿದೆ. ಗೊರೂರಿನಿಂದ ಹೊರಟ ನಾಲೆ ಗುಬ್ಬಿ ಸೀಮೆ ಹಾಯ್ದು ಬುಗುಡನಹಳ್ಳಿ ಕೆರೆಗೆ ನೀರು ತರುತ್ತದೆ. ತುಮಕೂರು ನಗರ ಕುಡಿಯುವುದು ಅದನ್ನೇ. ಈಚೆಗೆ ಕುಣಿಗಲ್ಲಿಗೆ ನೇರ ಲಿಂಕ್ ನಾಲೆ ಒಯ್ಯುವ ಯೋಜನೆಯ ವಿರುದ್ಧ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದರು. ಕುಣಿಗಲ್ಲಿನವರು ತಮ್ಮ ಪಾಲು ಕೇಳಿದರು. ನಾಲೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಸೈಕಲ್ ಹೊಡೆದವರಿಗೆ ಈ ಜಗಳ ಸುದ್ದಿಯಾಗಿ ಮಾತ್ರ ಉಳಿಯುವುದಿಲ್ಲ. ನೀರು ಬಂದ ಕೆರೆಯನ್ನೂ ಬಾರದ ಕೆರೆಯನ್ನೂ ಅವರು ಒಂದೇ ಬೆಳಿಗ್ಗೆ ನೋಡಿರುತ್ತಾರೆ, ಎರಡೂ ಕಡೆಯವರ ಸಂಕಟ ಅವರಿಗೆ ಗೊತ್ತಿರುತ್ತದೆ.

ನೇರವಾಗಿ ಕುಣಿಗಲ್ಲಿಗೆ ಹೋಗುವವರು ತುಮಕೂರಿನಿಂದ ದಕ್ಷಿಣದ ರಾಜ್ಯ ಹೆದ್ದಾರಿ ಹಿಡಿಯುತ್ತಾರೆ. ಮೊದಲು ಸಿಗುವುದು ಗೂಳೂರು. ಭಾದ್ರಪದದ ಚೌತಿಯಂದು ಕೆರೆಯ ಮಣ್ಣಿನಲ್ಲಿ ಇಲ್ಲಿನ ಬೃಹತ್ ಗಣಪನನ್ನು ಮಾಡಲು ತೊಡಗುತ್ತಾರೆ. ಪೂಜೆ ಆರಂಭವಾಗುವುದು ದೀಪಾವಳಿಯ ಬಲಿಪಾಡ್ಯಮಿಗೆ, ಕಾರ್ತಿಕವಿಡೀ ಪೂಜೆ ನಡೆದು ಬಳಿಕ ವಿಸರ್ಜನೆ. ಗಣೇಶನ ಹಬ್ಬ ಮುಗಿದು ಎರಡು ತಿಂಗಳಾದ ಮೇಲೆ ಗಣಪನನ್ನು ನೋಡಲು ಸೈಕಲ್ಲಿನಲ್ಲಿ ಹೋಗುವ ಸಂತೋಷ ತುಮಕೂರಿನವರದ್ದೇ. ಪಕ್ಕದ ಕೈದಾಳದಲ್ಲಿ 12ನೇ ಶತಮಾನದ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಕಟ್ಟಿಸಿದವನು ಗೂಳೆ ಬಾಚಿ ಎಂಬ ಸ್ಥಳೀಯ ನಾಯಕ. ಶಿಲ್ಪಿ ಜಕಣಾಚಾರಿ ಮತ್ತು ಅವನ ಮಗ ಡಂಕಣನ ಕಥೆಯನ್ನು ಜನ ಈ ಊರಿಗೇ ಸೇರಿಸಿ ಹೇಳುತ್ತಾರೆ. ಗುಂಪಿನಲ್ಲಿ ಹೊಸಬರಿದ್ದರೆ ಕೈದಾಳವೇ ಮೊದಲ ಸವಾರಿಗೆ ಸರಿಯಾದ ಗುರಿ. ದಾರಿ ಸಣ್ಣದು, ನೋಡಲಿಕ್ಕೆ ತುಂಬ ಇದೆ.

ಅಲ್ಲಿಂದ ಹೆಬ್ಬೂರು, ಮತ್ತೆ ಏರಿಳಿತದ ದಾರಿ. ಕುಣಿಗಲ್ ಹತ್ತಿರವಾಗುತ್ತಿದ್ದಂತೆ ಜನಪದರು ಹಾಡಿಟ್ಟ ದೊಡ್ಡ ಕೆರೆ. ಊರಿನ ಕುದುರೆ ಫಾರಂ ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾಗಿ, ಮುಂದೆ ರೇಸ್ ಕುದುರೆಗಳ ತಳಿಗೆ ಹೆಸರಾಯಿತು. ಬೆಳೆಯುತ್ತಿರುವ ಪಟ್ಟಣದ ನಡುವೆ ನೂರಾರು ಎಕರೆ ಹಸಿರು, ಹಳೆಯ ಮರಗಳು ಉಳಿದಿರುವುದು ಈ ಫಾರಂನಿಂದ. ಆ ಹಸಿರನ್ನು ಹಾಗೆಯೇ ಉಳಿಸಿಕೊಳ್ಳುವುದು ಕುಣಿಗಲ್ಲಿಗೆ ಒಳ್ಳೆಯದು.

ದೇವರಾಯನದುರ್ಗದ ಏರು ಬೇರೆ ಜಾತಿಯದು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್, ತುಮಕೂರಿನದು 800 ಮೀಟರಿಗೆ ಸ್ವಲ್ಪ ಹೆಚ್ಚು. ಬುಡದಲ್ಲಿ ಭೋಗನರಸಿಂಹ, ತುದಿಯಲ್ಲಿ ಯೋಗನರಸಿಂಹ. ಏರುವಾಗ ಮುಂದಿನ ಸಣ್ಣ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎಂಬ ಜೋಡಿ ಸಾಕು. ಗೇರಿಲ್ಲದವರು ಇಳಿದು ತಳ್ಳಿಕೊಂಡು ಹೋದರೆ ಅದರಲ್ಲಿ ಅವಮಾನವೇನಿಲ್ಲ. ನಿಜವಾದ ಎಚ್ಚರ ಬೇಕಿರುವುದು ಇಳಿಯುವಾಗ. ತಿರುವಿನೊಳಗೆ ಬ್ರೇಕ್ ಹಿಡಿಯಬಾರದು. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ವೇಗ ಇಳಿಸಿಕೊಳ್ಳಬೇಕು. ಎಡೆಬಿಡದೆ ಒತ್ತಿ ಹಿಡಿದರೆ ಚಕ್ರದ ಅಂಚು ಕಾದು ಟ್ಯೂಬು ಸಿಡಿಯುವ ಅಪಾಯವಿದೆ. ಕೋತಿಗಳಿಗೆ ತಿಂಡಿ ಹಾಕಬೇಡಿ. ಚಿರತೆ, ಕರಡಿಗಳಿರುವ ಕಾಡು ಅದು, ನಸುಕಿನಲ್ಲಿ ಒಬ್ಬರೇ ಹೋಗಬೇಡಿ.

ಹಳ್ಳಿ ರಸ್ತೆಗಳಿಗೂ ಅವುಗಳದೇ ರೀತಿ ಇದೆ. ಸುಗ್ಗಿಯ ತಿಂಗಳಲ್ಲಿ ರಾಗಿ ತೆನೆ, ಹುರುಳಿ ಬಳ್ಳಿ ರಸ್ತೆಯ ಮೇಲೆಯೇ ಹರಡಿರುತ್ತದೆ. ವಾಹನಗಳ ಚಕ್ರ ತುಳಿದು ಕಾಳು ಬಿಡಲಿ ಎಂದು ರೈತರು ಹಾಸಿರುತ್ತಾರೆ. ಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಂಡು ಸೈಕಲ್ ಒಮ್ಮೆಲೇ ನಿಲ್ಲುತ್ತದೆ, ಒಣಗಿದ ಹೊಟ್ಟಿನ ಮೇಲೆ ಟೈರು ಜಾರುತ್ತದೆ. ರೇಗಬಾರದು. ಹಳ್ಳಿಯಲ್ಲಿ ಕಣ ಮಾಡುವ ಜಾಗ, ಆಳು ಎರಡೂ ಕಡಿಮೆಯಾಗಿವೆ. ಇಳಿದು ನಾಲ್ಕು ಹೆಜ್ಜೆ ನಡೆದರೆ ನಮಗೇನೂ ನಷ್ಟವಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೂ ಅಷ್ಟೆ, ವೇಗ ಹೆಚ್ಚಿಸಿದರೆ ಅದಕ್ಕೆ ಹುರುಪು ಹೆಚ್ಚು. ನಿಧಾನಿಸಿ, ಬೇಕಾದರೆ ಸೈಕಲನ್ನು ಮಧ್ಯಕ್ಕಿಟ್ಟುಕೊಂಡು ನಿಂತು ಮಾತಾಡಿಸಿದರೆ ಬಹುಪಾಲು ನಾಯಿಗಳು ಸುಮ್ಮನಾಗುತ್ತವೆ.

ಊಟದ ವಿಷಯ ಬಿಟ್ಟರೆ ತುಮಕೂರಿನವರು ಒಪ್ಪುವುದಿಲ್ಲ. ಸಿದ್ಧಗಂಗೆಯ ಕಡೆ ಹೋದವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನದೆ ಹಿಂದಿರುಗುವುದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಹಲಸಿನ ಕಾಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ತೋಟದ ಕೆಂಪು ತೊಳೆಯ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿ ‘ಸಿದ್ದು’ ಎಂಬ ತಳಿಯಾಗಿ ಬೆಳಕಿಗೆ ತಂದರು. ಕುಣಿಗಲ್ ತಾಲ್ಲೂಕಿನ ಚೌಡನಕುಪ್ಪೆಯಿಂದ ‘ಶಂಕರ’ ಬಂತು. ಎರಡು ತಾಲ್ಲೂಕು, ಎರಡು ಹಲಸು. ಜೂನಿನ ಭಾನುವಾರ ಎರಡರ ಸೀಮೆಯನ್ನೂ ಹಾಯ್ದು ಬಂದವರ ಮನೆಗೆ ಸೈಕಲ್ಲಿನ ಜೊತೆ ಹಲಸಿನ ಘಮವೂ ಬರುತ್ತದೆ.

ಈಗ ನನ್ನ ಮುಖ್ಯ ಮಾತು. ಭಾನುವಾರ ಹೆಲ್ಮೆಟ್ಟು, ಕೈಗವಸು ಹಾಕಿಕೊಂಡು ಹೋಗುವ ನಮ್ಮನ್ನು ಊರು ಗಮನಿಸುತ್ತದೆ. ಅದೇ ರಸ್ತೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಸೈಕಲ್ ತುಳಿಯುವವರನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿದವರು, ಅಡಿಕೆ ಸುಲಿಯಲು ಹೋಗುವ ಹೆಂಗಸರು, ಕೈಗಾರಿಕಾ ಪ್ರದೇಶದ ರಾತ್ರಿ ಪಾಳಿ ಮುಗಿಸಿ ಬರುವವರು, ಹೈಸ್ಕೂಲಿಗೆ ಹೋಗುವ ಹುಡುಗಿಯರು. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಗಟ್ಟಿ ಶಾಲೆಗೆ ಹೊರಟ ನೋಟವನ್ನು ಈ ಜಿಲ್ಲೆಯೂ ಕಂಡಿತು. ಕೋವಿಡ್ ಕಾಲದಿಂದ ಆ ಯೋಜನೆ ನಿಂತಿತು. ದಶಕಗಳ ಕಾಲ ನಮ್ಮ ಅಪ್ಪಂದಿರ ಸೈಕಲ್ಲಾಗಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಸೈಕಲ್ ನಗರದಲ್ಲಿ ಹವ್ಯಾಸವಾಗಿ ಮರಳಿ ಬಂದಿದೆ, ಹಳ್ಳಿಯಲ್ಲಿ ಬಡವರ ವಾಹನವಾಗಿ ಕರಗುತ್ತಿದೆ. ಹವ್ಯಾಸಕ್ಕೆ ತುಳಿಯುವವರಿಗೆ ದನಿ ಇದೆ. ಆ ದನಿಯನ್ನು ಅನ್ನಕ್ಕಾಗಿ ತುಳಿಯುವವರ ಪರವಾಗಿ ಬಳಸದಿದ್ದರೆ ನಮ್ಮ ಭಾನುವಾರಗಳು ನಮ್ಮ ಸುಖಕ್ಕೆ ಮಾತ್ರ ಮೀಸಲಾಗುತ್ತವೆ.

ಕೇಳಬೇಕಾದ್ದು ದೊಡ್ಡದೇನೂ ಅಲ್ಲ. ರಸ್ತೆಯ ಬಿಳಿ ಗೆರೆಯಿಂದಾಚೆ ಒಂದೂವರೆ ಮೀಟರ್ ಡಾಂಬರು ಗಟ್ಟಿಯಾಗಿ, ಜಲ್ಲಿ ಮರಳಿಲ್ಲದೆ ಇರಬೇಕು. ಅಲ್ಲಿ ಲಾರಿ ನಿಲ್ಲಿಸಬಾರದು. ಊರೊಳಗಿನ ಉಬ್ಬುಗಳಿಗೆ ಬಿಳಿ ಬಣ್ಣ ಬಳಿದಿರಬೇಕು. ಶಾಲೆಯ ಬಳಿ ಬೀದಿದೀಪ ಉರಿಯಬೇಕು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ನಗರ. ರಸ್ತೆಯ ಅಂಚಿನ ಒಂದೂವರೆ ಮೀಟರನ್ನು ಸೈಕಲ್ಲಿಗೆ ಬಿಟ್ಟುಕೊಡುವುದು ಅದಕ್ಕೆ ಮೀರಿದ ಕೆಲಸವಲ್ಲ.

ಈ ಭಾನುವಾರ ನೀವು ಗುಬ್ಬಿಗಾಗಲಿ ಕುಣಿಗಲ್ಲಿಗಾಗಲಿ ಹೊರಟರೆ ಬೆಳಕು ಹರಿಯುವ ಮುನ್ನ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ನೋಡಿಕೊಳ್ಳಿ. ದಾರಿಯಲ್ಲಿ ಕಂಡ ಗುಂಡಿ, ಆರಿದ ದೀಪ, ಕೊಚ್ಚಿಹೋದ ಅಂಚು ಎಲ್ಲಿದೆ ಎಂದು ಫೋಟೋ ಸಮೇತ ಬರೆದಿಟ್ಟುಕೊಳ್ಳಿ. ಸೋಮವಾರ ಅದನ್ನು ನಗರಪಾಲಿಕೆಗೋ ಗ್ರಾಮ ಪಂಚಾಯಿತಿಗೋ ಲೋಕೋಪಯೋಗಿ ಇಲಾಖೆಗೋ ಲಿಖಿತವಾಗಿ ಕೊಡಿ. ಗುಂಪಿನ ಎಲ್ಲರೂ ಸಹಿ ಮಾಡಿ. ಸರಿಯಾಗುವವರೆಗೆ ಪ್ರತಿ ವಾರವೂ ಕೊಡಿ.